ಹುಲಿಗೆವ್ವನ ಕರಿ ಹಾಳೆಗಳು

ನಮ್ಮೂರಿನಲ್ಲಿ ಶೇಂಗಾ ಕಟ್ಟಿಕೊಡುವ ಪೊಟ್ಟಣದ ಮೇಲೆ ಅಕ್ಷರ ಇರುವುದಿಲ್ಲ. ಇಂಗ್ಲಿಷ್ ಪುಸ್ತಕದ ಹಾಳೆಗಳೇ ಅವು, ಆದರೆ ಈಗಷ್ಟೇ ಸುಣ್ಣ ಬಳಿದ ಗೋಡೆಯ ಹಾಗೆ ಖಾಲಿ. ಪುಸ್ತಕದ ಒಡೆಯನಿಗೆ ಒಂದು ಇಂಗ್ಲಿಷ್ ಮಾತು ನಿಜವಾಗಿ ತಿಳಿದ ಗಳಿಗೆಯಲ್ಲಿ ಅದು ಅವನ ಪುಸ್ತಕ ಬಿಟ್ಟು ಹೋಗಿಬಿಡುತ್ತದೆ. ಒಂದು ಕಡೆಯಲ್ಲ, ಆ ಪುಸ್ತಕದಲ್ಲಿ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ. ಕನ್ನಡ ಪುಸ್ತಕಕ್ಕೆ ಹೀಗಾಗುವುದಿಲ್ಲ. ಯಾಕೆ ಎಂದು ನಮ್ಮಲ್ಲಿ ಯಾರೂ ಕೇಳಿದ್ದಿಲ್ಲ. ಕೇಳುವುದು ನಮ್ಮೂರಿನ ಜನಕ್ಕೆ ಒಗ್ಗದ ಕೆಲಸ.

ಅಪ್ಪಿತಪ್ಪಿ ಪೊಟ್ಟಣದ ಮೇಲೆ ನಾಲ್ಕು ಅಕ್ಷರ ಕಂಡರೆ ಜನ ಶೇಂಗಾ ಮರೆತು ಹಾಳೆ ಬಿಡಿಸಿ ನೋಡುತ್ತಾರೆ. ಯಾರ ಮನೆಯ ಪುಸ್ತಕ ಇದು, ಯಾರ ಮಗಳು ಇಷ್ಟನ್ನು ಹಾಗೇ ಬಿಟ್ಟಿದ್ದಾಳೆ ಎಂದು ಸಂಜೆಯವರೆಗೆ ಆಡಿಕೊಳ್ಳಲು ಅವರಿಗೆ ಅಷ್ಟು ಸಾಕು. ಆದ್ದರಿಂದ ಅಕ್ಷರ ಉಳಿದ ಪುಸ್ತಕವನ್ನು ಯಾರೂ ಊರಿನಲ್ಲಿ ರದ್ದಿಗೆ ಹಾಕುವುದಿಲ್ಲ. ಒಲೆಗೆ ಹಾಕುತ್ತಾರೆ, ಇಲ್ಲವೇ ಬೇರೆ ಊರಿನ ಸಂತೆಗೆ ಒಯ್ಯುತ್ತಾರೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಕೈ ತೊಳೆದ ಮೇಲೆ, ಮನೆಯಲ್ಲಿ ಹುಡುಗಿಯ ಹತ್ತನೇ ಕ್ಲಾಸಿನ ಸೈನ್ಸ್ ಪುಸ್ತಕ ಇದೆಯೇ ಎಂದು ಮೆಲ್ಲಗೆ ವಿಚಾರಿಸುವುದುಂಟು. ನಮ್ಮೂರ ಡಾಕ್ಟರ ಕಪಾಟಿನಲ್ಲಿ ತೋಳು ನೋಯುವಷ್ಟು ದಪ್ಪ ಪುಸ್ತಕಗಳಿವೆ, ತೆರೆದರೆ ಬರೀ ಬಿಳುಪು. ಕೆಮ್ಮು ನೆಗಡಿಗೆಂದು ಹೋದವರಿಗೂ ಅವರು ಒಂದೆರಡನ್ನು ತೆರೆದು ತೋರಿಸಿಯೇ ಮಾತ್ರೆ ಬರೆದುಕೊಡುತ್ತಾರೆ.

ನಾನು ಇಲ್ಲಿನ ಹೈಸ್ಕೂಲಿನಲ್ಲಿ ಇಪ್ಪತ್ತೇಳು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಸ್ಟಾಫ್ ರೂಮಿನಲ್ಲಿ ಹೂಗಾರ ಟೀಚರ್, ಮಕ್ಕಳಿಗೆ ಅಕ್ಕೋರು. ಟೀಚರುಗಳ ಪುಸ್ತಕವನ್ನು ಯಾರೂ ತೆರೆದು ನೋಡುವುದಿಲ್ಲ, ಅದು ಬೆಳ್ಳಗೇ ಇರುತ್ತದೆ ಎಂಬ ನಂಬಿಕೆ. ನಾವೆಲ್ಲ ಅದಕ್ಕೊಂದು ಖಾಕಿ ರಟ್ಟು ಹಾಕಿ ಕಂಕುಳಲ್ಲಿ ಇಟ್ಟುಕೊಂಡು ಓಡಾಡುತ್ತೇವೆ, ಪಾಠವನ್ನು ಮಕ್ಕಳ ಪುಸ್ತಕದಿಂದಲೇ ಮಾಡುತ್ತೇವೆ. ನಾಲ್ಕು ಗಂಟೆಗೆ ಕೊನೆಯ ಬೆಲ್ಲು ಹೊಡೆದು ಉಳಿದ ಟೀಚರುಗಳು ಬಸ್ಸಿನ ಕಡೆಗೆ ಹೆಜ್ಜೆ ಹಾಕುವಾಗ ನಾನು ಮುರಿದ ಬೆಂಚುಗಳನ್ನು ಒಟ್ಟಿರುವ ಹಿಂದಿನ ಕೋಣೆಗೆ ಹೋಗುತ್ತೇನೆ. ಕಾಗದದ ಮೇಲೆ ಅದರ ಹೆಸರು ಪರಿಹಾರ ಬೋಧನೆ. ಮಕ್ಕಳ ಬಾಯಲ್ಲಿ ಕರಿ ಹಾಳೆ ಕ್ಲಾಸು. ಅಷ್ಟು ಹೊತ್ತಿಗೆ ನನ್ನ ಮೊಣಕಾಲು ಮಾತು ಕೇಳುವುದಿಲ್ಲ, ಗಂಟಲು ಸುಣ್ಣದ ಪುಡಿ ನುಂಗಿದ ಹಾಗಿರುತ್ತದೆ, ಎದುರಿಗೆ ಕೂತ ಮಕ್ಕಳ ಹೊಟ್ಟೆ ಹಸಿದು ಗುರ್ ಎನ್ನುವುದು ಕೇಳಿಸುತ್ತದೆ. ಇನ್ನು ಮೂರು ವರ್ಷ ತಳ್ಳಿದರೆ ನಿವೃತ್ತಿ. ಇದನ್ನು ನಾನು ದಿನಕ್ಕೆ ಎರಡು ಸಲವಾದರೂ ನೆನೆಸಿಕೊಳ್ಳುತ್ತೇನೆ.

ಆ ಕೋಣೆಗೆ ಬರುವವರು ದಡ್ಡರಲ್ಲ, ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಏಳನೆಯ ಇಯತ್ತೆಯವರೆಗೆ ಕನ್ನಡದಲ್ಲಿ ಓದಿ ಎಂಟಕ್ಕೆ ಕಾಲಿಡುತ್ತಲೇ ಗಣಿತ, ವಿಜ್ಞಾನ, ಸಮಾಜ ಎಲ್ಲ ಒಮ್ಮೆಲೇ ಇಂಗ್ಲಿಷಾಗಿ ಎದುರಿಗೆ ನಿಂತರೆ ಮಗು ಏನು ಮಾಡಬೇಕು? ಮನೆಯಲ್ಲಿ ಹೇಳಿಕೊಡುವವರಿದ್ದವರು ಹೇಗೋ ದಡ ಮುಟ್ಟುತ್ತಾರೆ. ಇಲ್ಲದವರು ಬಾಯಿಪಾಠ ಹೊಡೆಯುತ್ತಾರೆ. ಆದರೆ ಬಾಯಿಪಾಠಕ್ಕೆ ನಮ್ಮೂರಿನ ಪುಸ್ತಕ ಬಗ್ಗುವುದಿಲ್ಲ, ನೂರು ಸಲ ಒದರಿದರೂ ಒಂದು ಅಕ್ಷರ ಕದಲುವುದಿಲ್ಲ.

ಹುಲಿಗೆವ್ವ ಹತ್ತನೆಯ ಇಯತ್ತೆಯ ಹುಡುಗಿ. ಅವಳ ತಾಯಿ ಈರವ್ವ ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿ ಕೊಡುತ್ತಾಳೆ. ನಸುಕಿನಲ್ಲಿ ತಾಯಿಯ ಜೊತೆ ಕೂತು ಎಪ್ಪತ್ತೆಂಬತ್ತು ರೊಟ್ಟಿ ಬಡಿದು, ಕೈಗೆ ಅಂಟಿದ ಹಿಟ್ಟನ್ನು ಉಜ್ಜಿಕೊಳ್ಳುತ್ತಲೇ ಈ ಹುಡುಗಿ ಶಾಲೆಗೆ ಬರುತ್ತಿದ್ದಳು. ಕನ್ನಡದಲ್ಲಿ ಕೇಳಿದರೆ ಏನು ಕೇಳಿದರೂ ಉತ್ತರ ಇತ್ತು. ಎಲೆ ಹೇಗೆ ಉಸಿರಾಡುತ್ತದೆ, ಕನ್ನಡಿಯಲ್ಲಿ ಎಡಗೈ ಯಾಕೆ ಬಲಗೈ ಆಗುತ್ತದೆ, ಹೆಂಚಿನ ಮೇಲೆ ರೊಟ್ಟಿ ಯಾಕೆ ಉಬ್ಬುತ್ತದೆ, ಎಲ್ಲವನ್ನೂ ಕೈ ಆಡಿಸಿ ಆಡಿಸಿ ಹೇಳುತ್ತಿದ್ದಳು. ಅವಳ ಸೈನ್ಸ್ ಪುಸ್ತಕದಲ್ಲಿ ‘ಫೋಟೋಸಿಂಥೆಸಿಸ್’ ಇರಲಿಲ್ಲ, ‘ಕ್ಲೋರೋಫಿಲ್’ ಇರಲಿಲ್ಲ, ಬಾಯಿ ತಿರುಗದ ದೊಡ್ಡ ದೊಡ್ಡ ಹೆಸರುಗಳೆಲ್ಲ ಎಂದೋ ಹೋಗಿದ್ದವು. ಉಳಿದದ್ದು ಸಣ್ಣವು. ‘ಹೆನ್ಸ್’, ‘ವೇರ್ಯಾಸ್’, ‘ಜಸ್ಟಿಫೈ’, ‘ರೆಸ್ಪೆಕ್ಟಿವ್ಲಿ’. ಜೋಳ ಕೇರಿದ ಮೇಲೆ ಮೊರದಲ್ಲಿ ಉಳಿಯುವ ಹರಳಿನ ಹಾಗೆ ಹಾಳೆ ಹಾಳೆಯಲ್ಲೂ ಇವೇ. ಪಾಠ ಅವಳಿಗೆ ಗೊತ್ತು, ಪಾಠದ ಬಗ್ಗೆ ಪ್ರಶ್ನೆ ಏನು ಕೇಳುತ್ತಿದೆ ಎಂಬುದು ಗೊತ್ತಿಲ್ಲ. ಕರಿ ಹಾಳೆ ಕ್ಲಾಸಿನ ಮುಕ್ಕಾಲು ಪಾಲು ಮಕ್ಕಳ ಕಥೆ ಇದೇ.

ಇದು ಸುಮ್ಮನೆ ನಾಚಿಕೆಯ ಮಾತಾಗಿದ್ದರೆ ನಾನೂ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಸಂಕ್ರಾಂತಿಯ ಮರುವಾರ ನಮ್ಮ ಶಾಲೆಯಲ್ಲಿ ಪುಸ್ತಕ ನೋಡುವ ದಿನ ಇರುತ್ತದೆ. ಹತ್ತನೆಯವರು ಒಬ್ಬೊಬ್ಬರಾಗಿ ಬಂದು ಹೆಡ್‌ಮಾಸ್ತರ ಮೇಜಿನ ಮೇಲೆ ಸೈನ್ಸ್ ಪುಸ್ತಕ ಇಡಬೇಕು. ಹೆಡ್‌ಮಾಸ್ತರು ಹೆಣಿಗೆಯ ಕಡ್ಡಿಯೊಂದನ್ನು ಹಿಡಿದು ಉಳಿದ ಮಾತುಗಳನ್ನು ಎಣಿಸುತ್ತಾರೆ. ಐದುನೂರರ ಒಳಗಿದ್ದರೆ ಪಬ್ಲಿಕ್ ಪರೀಕ್ಷೆಗೆ ಹೆಸರು ಕಳಿಸುತ್ತಾರೆ, ಮೀರಿದರೆ ಇಲ್ಲ. ಮುಂದಿನ ವರ್ಷ ನೋಡೋಣ ಎನ್ನುತ್ತಾರೆ. ಗಂಡುಮಕ್ಕಳಿಗೆ ಮುಂದಿನ ವರ್ಷ ಎಂಬುದು ಇರುತ್ತದೆ. ಹುಲಿಗೆವ್ವನಿಗೆ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಖಾನಾವಳಿಯ ಒಡತಿ ಆಗಲೇ ಇವಳ ಕೈಚಳಕ ನೋಡಿ ಒಲೆಯ ಮುಂದೆ ಕೂರಿಸಲು ಈರವ್ವನನ್ನು ಕೇಳಿ ಇಟ್ಟಿದ್ದಳು. ಪರೀಕ್ಷೆಗೆ ಹೋಗದಿದ್ದರೆ ಬರುತ್ತಾಳೆ ಎಂದು ಈರವ್ವನೂ ಒಪ್ಪಿಯಾಗಿತ್ತು. ಹುಡುಗಿಗೆ ನರ್ಸ್ ಆಗಬೇಕು ಎಂದಿತ್ತು. ಅದನ್ನು ಅವಳು ನನಗೊಬ್ಬಳಿಗೇ ಹೇಳಿದ್ದಳು, ಅದೂ ಬೆಂಚಿನ ಗೆರೆ ಕೆರೆಯುತ್ತ, ತಲೆ ಎತ್ತದೆ.

ಡಿಸೆಂಬರಿನಲ್ಲಿ ನಾವು ಎಣಿಸಿದಾಗ ಅವಳ ಪುಸ್ತಕದಲ್ಲಿ ಎರಡು ಸಾವಿರದ ನೂರ ನಲವತ್ತು ಮಾತು ಉಳಿದಿದ್ದವು. ಆದರೆ ಒಂದು ಸಮಾಧಾನ ಇತ್ತು. ಸಣ್ಣ ಮಾತುಗಳು ಮತ್ತೆ ಮತ್ತೆ ಬರುತ್ತವೆ, ಒಂದು ತಿಳಿದರೆ ನಲವತ್ತು ಐವತ್ತು ಕಡೆ ಒಮ್ಮೆಲೇ ಜಾಗ ಖಾಲಿಯಾಗುತ್ತದೆ. ದಿನಕ್ಕೊಂದು ಹಿಡಿದು ಕೂತೆವು. ‘ಹೆನ್ಸ್’ಗೆ ಐದು ದಿನ ಹಿಡಿಯಿತು. ನಾನು ಡಿಕ್ಷನರಿಯಲ್ಲಿದ್ದ ‘ಆದ್ದರಿಂದ’ವನ್ನು ಬೋರ್ಡಿನ ಮೇಲೆ ಬರೆದರೆ ಅವಳು ಗೋಣು ಅಲ್ಲಾಡಿಸಿದಳು, ಪುಸ್ತಕ ಅಲ್ಲಾಡಲಿಲ್ಲ. ಐದನೆಯ ದಿನ ನನಗೂ ಬೇಸರ ಬಂದು ಬೋರ್ಡ್ ಒರೆಸಿ ಕುರ್ಚಿಯಲ್ಲಿ ಕೂತುಬಿಟ್ಟೆ.

“ಇವತ್ತ ಬ್ಯಾಡ ಬಿಡವ್ವಾ. ಮುಂಜಾನೆ ರೊಟ್ಟಿ ಎಷ್ಟಾದುವು, ಅದನ್ನಾರ ಹೇಳು.”

“ಅರವತ್ತ ಆದವ್ರಿ ಅಕ್ಕೋರ. ಎಸರು ಕುದ್ದಿರಲಿಲ್ರಿ, ಹಂಗ ಹಿಟ್ಟ ಹಾಕಿಬಿಟ್ಟೆ. ಅದಕ್ಕ ಅಂಚೆಲ್ಲಾ ಹರದುವು. ಅವ್ವ ಬೈದಳು.”

“ಯಾವುದಕ್ಕ ಹರದುವು?”

“ಎಸರು ಕುದೀಲಿಲ್ಲಲ್ರಿ, ಅದಕ್ಕ,” ಎಂದವಳು ಹಾಗೇ ನಿಂತಳು. ಅವಳೇ ಮೆಲ್ಲಗೆ ಪುಸ್ತಕ ತೆರೆದಳು. ಬೆಳಕಿನ ಪಾಠದಲ್ಲಿ ಮೂರು ಕಡೆ, ಆಮ್ಲದ ಪಾಠದಲ್ಲಿ ಐದು ಕಡೆ ಆ ಮಾತಿದ್ದ ಜಾಗ ಬಿಳಿಯಾಗಿತ್ತು. ಹಾಳೆ ತಿರುವಿ ತಿರುವಿ ನೋಡಿ ಅವಳು ನಕ್ಕಳು. ಅವತ್ತು ನಾನು ಬಸ್ಸು ತಪ್ಪಿಸಿಕೊಂಡು ಮನೆಗೆ ನಡೆದೇ ಹೋದೆ, ಮೊಣಕಾಲು ಅಷ್ಟೇನೂ ನೋಯಲಿಲ್ಲ.

ಹೀಗೆ ಒಂದೊಂದಾಗಿ ಹೋದವು. ಅಷ್ಟರಲ್ಲಿ ನಾನೊಂದು ತಪ್ಪು ಮಾಡುತ್ತಲೇ ಇದ್ದೆ, ಅದನ್ನು ಈಗ ಹೇಳಿಬಿಡುತ್ತೇನೆ. ಪಾಠದ ಕೊನೆಯ ಪ್ರಶ್ನೆಗಳಲ್ಲಿ ‘ಇನ್ ಟರ್ಮ್ಸ್ ಆಫ್’ ಎಂದು ಮೂರು ಮಾತು ಒಂದಕ್ಕೊಂದು ಅಂಟಿಕೊಂಡು ಬರುತ್ತಿದ್ದವು. ಇದನ್ನು ಅದರ ‘ಇನ್ ಟರ್ಮ್ಸ್ ಆಫ್’ ವಿವರಿಸು, ಅದನ್ನು ಇದರ ‘ಇನ್ ಟರ್ಮ್ಸ್ ಆಫ್’ ಬರೆ. ಅದು ಎದುರಾದಾಗಲೆಲ್ಲ ನಾನು, ಇದನ್ನ ಆಮ್ಯಾಲೆ ನೋಡೂಣು ಎಂದು ಹಾಳೆ ತಿರುವುತ್ತಿದ್ದೆ. ಹುಲಿಗೆವ್ವ ಒಂದು ಸಲವೂ ಯಾಕೆ ಎನ್ನಲಿಲ್ಲ. ಬೆರಳನ್ನು ಅದರ ಮೇಲೆ ಒಂದು ಗಳಿಗೆ ಇಟ್ಟು, ನನ್ನ ಮುಖ ನೋಡಿ, ತೆಗೆಯುತ್ತಿದ್ದಳು.

ಪುಸ್ತಕ ನೋಡುವುದಕ್ಕೆ ನಾಲ್ಕು ದಿನ ಇರುವಾಗ ಮಧ್ಯಾಹ್ನ ಊಟದ ಬಿಡುವಿನಲ್ಲಿ ಹಿಂದಿನ ಕೋಣೆಗೆ ಈರವ್ವ ಬಂದಳು. ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿ, ಮೇಲೆ ಕೆಂಪು ಖಾರ. ಮಗಳು ಅವಳ ಹಿಂದೆ ಬಾಗಿಲಿನಲ್ಲಿ ನಿಂತಿದ್ದಳು. ಈರವ್ವ ನೆಲದ ಮೇಲೆ ಕೂತಳು, ಬೆಂಚಿನ ಮೇಲೆ ಕೂಡು ಎಂದರೂ ಕೇಳಲಿಲ್ಲ.

“ಅಕ್ಕೋರ, ಎಷ್ಟ ಉಳದಾವ್ರಿ?”

“ಏಳನೂರರ ಹತ್ರ ಬಂದಾವ, ಈರವ್ವ. ಭಾಳ ಇಳದಾವು.”

“ಐದನೂರಕ್ಕ ಬರ್ತಾವೇನ್ರಿ?”

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ದನಿ ತಗ್ಗಿಸಿದಳು.

“ನಾ ಬಣ್ಣದ ಅಂಗಡಿಯಾಂವಗ ಹೇಳಿ ಬಂದೀನ್ರಿ. ಹಿಂದಿನ ದಿನ ಒಯ್ದು ಕೊಡು ಅಂದಾನ. ನೀವು ಸುಮ್ಮಿದ್ರ ಸಾಕು. ಬ್ಯಾರೆ ಏನೂ ಬ್ಯಾಡ್ರಿ.”

ಇದು ಊರಿಗೇ ಗೊತ್ತಿದ್ದ ಗುಟ್ಟು. ಬಟ್ಟೆಗೆ ಬಣ್ಣ ಹಾಕುವ ಆ ಅಂಗಡಿಯಲ್ಲಿ ಸಂಕ್ರಾಂತಿಯ ಮರುವಾರ ಬಟ್ಟೆ ತೆಗೆದುಕೊಳ್ಳುವುದಿಲ್ಲ, ಪುಸ್ತಕ ತೊಳೆಯುತ್ತಾರೆ. ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಒಂದೊಂದೇ ಹಾಳೆ ಒರೆಸಿ, ಹಗ್ಗದ ಮೇಲೆ ಒಣಗಿಸಿ, ಕಾದ ಇಸ್ತ್ರಿ ಎಳೆದು ಕೊಡುತ್ತಾರೆ. ಹಾಗೆ ತೊಳೆದ ಮಾತು ಮೂರನೆಯ ದಿನ ಮರಳಿ ಬರುತ್ತದೆ. ಆದರೆ ಅಷ್ಟರಲ್ಲಿ ಪುಸ್ತಕ ನೋಡುವ ದಿನ ಮುಗಿದಿರುತ್ತದೆ. ಹೆಡ್‌ಮಾಸ್ತರಿಗೆ ಆ ವಾಸನೆ ತಿಳಿಯುವುದಿಲ್ಲವೇ? ತಿಳಿಯುತ್ತದೆ. ಅವರು ಮೂಗಿಗೆ ಕರ್ಚೀಫು ಹಿಡಿದುಕೊಂಡು ಎಣಿಸುತ್ತಾರೆ.

“ತೊಳಸಬ್ಯಾಡ ಈರವ್ವ,” ಎಂದೆ.

“ಯಾಕ್ರಿ? ಎಲ್ಲಾರೂ ತೊಳಸ್ತಾರ. ದೊಡ್ಡ ದೊಡ್ಡ ಮನ್ಯಾವ್ರ ತೊಳಸ್ತಾರ. ನನ್ನ ಮಗಳೊಬ್ಬಾಕೀನ ಒಲೀ ಮುಂದ ಕೂಡಬೇಕೇನ್ರಿ?”

ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಹೋದ ವರ್ಷ ಪರೀಕ್ಷೆಯ ಕೋಣೆಯಲ್ಲಿ ನಾನು ಮೇಲ್ವಿಚಾರಣೆಗೆ ಇದ್ದೆ. ತೊಳೆದ ಪುಸ್ತಕ ತೋರಿಸಿ ಬಂದ ಹುಡುಗಿಯೊಬ್ಬಳು ಕಿಟಕಿಯ ಪಕ್ಕ ಕೂತಿದ್ದಳು. ಉಳಿದವರ ಪ್ರಶ್ನೆಪತ್ರಿಕೆಗಳು ಓದಿದಂತೆ ಓದಿದಂತೆ ಬೆಳ್ಳಗಾಗುತ್ತ ಬಂದವು. ಅವಳದು ಮಾತ್ರ ಮೂರು ಗಂಟೆಯೂ ಕೊಟ್ಟ ಹಾಗೇ ಇತ್ತು. ಅವಳು ಅಳಲಿಲ್ಲ, ಉತ್ತರಪತ್ರಿಕೆಗೆ ಅಂಚು ಹಾಕಿದಳು, ಅಂಚಿನ ಒಳಗೆ ಇನ್ನೊಂದು ಅಂಚು ಹಾಕಿದಳು. ಪಕ್ಕದಲ್ಲಿ ನಾಲ್ಕು ಸಲ ಹಾದುಹೋದೆ, ಏನೂ ಹೇಳುವಂತಿರಲಿಲ್ಲ. ಅದನ್ನು ಈರವ್ವನಿಗೆ ಹೇಳಿದೆ. ಹೇಳಿದ ಮೇಲೂ ಅವಳ ಮುಖ ಬದಲಾಗಲಿಲ್ಲ. ಕೂತು ಸೋತರೂ ಸರಿ, ಕೂರುವುದಕ್ಕಾದರೂ ಬಿಡಲಿ ಎಂಬುದು ಅವಳ ಲೆಕ್ಕ. ಆಗ, ಯಾರಿಗೂ ಹೇಳದಿದ್ದ ಇನ್ನೊಂದನ್ನು ಹೇಳಿದೆ.

“ನಂದೂ ತೊಳಸಿದ್ರು, ಈರವ್ವ. ನಮ್ಮಪ್ಪ ಒಯ್ದು ತೊಳಸಿಕೊಂಡು ಬಂದ. ನಾ ಹೆಂಗೋ ಪಾಸಾದೆ, ನೌಕರಿನೂ ಸಿಕ್ಕಿತು. ಮೂರನೇ ದಿನ ಆ ಮಾತೆಲ್ಲಾ ಹೊಳ್ಳಿ ಬಂದುವು. ಆಮ್ಯಾಲೆ ಎಷ್ಟೋ ಹೋದುವು, ಕೆಲವು ಇನ್ನೂ ನನ್ನ ಟ್ರಂಕಿನ್ಯಾಗಿನ ಪುಸ್ತಕದಾಗ ಹಂಗ ಅದಾವು. ತೊಳದದ್ದು ಅಂತ ಯಾರಿಗೂ ಹೇಳಬಾರದಲ್ಲ, ಅದಕ್ಕ ಯಾರನ್ನೂ ಕೇಳೂ ಹಂಗೂ ಇರಲಿಲ್ಲ. ನಲವತ್ತ ವರ್ಷ ಆತು.”

ಈರವ್ವ ನೆಲ ನೋಡುತ್ತಿದ್ದಳು. ನನಗೆ ನಾಚಿಕೆಯಾಯಿತು, ಜೊತೆಗೆ ಮೈಮೇಲಿನ ಒದ್ದೆ ಬಟ್ಟೆ ತೆಗೆದ ಹಾಗೆಯೂ ಆಯಿತು. ಬಾಗಿಲಲ್ಲಿದ್ದ ಹುಲಿಗೆವ್ವ ಮೊದಲ ಸಲ ಒಳಗೆ ಬಂದಳು.

“ಅವ್ವಾ, ತೊಳಸೂದು ಬ್ಯಾಡ.”

“ನೀ ಸುಮ್ಕಿರು. ಖಾನಾವಳ್ಯಾಕಿಗೆ ಏನ್ ಹೇಳ್ಲಿ?”

“ಬರ್ತಾಳ ಅಂತ ಹೇಳು, ಆಗಲಿಲ್ಲಂದ್ರ. ಆದ್ರ ತೊಳಸಬ್ಯಾಡ. ನಂದೆಷ್ಟು ಹೋಗೇತಿ, ಎಷ್ಟು ಉಳದೈತಿ ಅಂತ ನನಗ ಗೊತ್ತಾಗಬೇಕು.”

ಈರವ್ವ ರೊಟ್ಟಿಯ ಗಂಟನ್ನು ನನ್ನ ಮೇಜಿನ ಮೇಲಿಟ್ಟು ಎದ್ದು ಹೋದಳು. ಒಪ್ಪಿದಳೋ ಸಿಟ್ಟಾದಳೋ ತಿಳಿಯಲಿಲ್ಲ. ಆ ರೊಟ್ಟಿಯನ್ನು ನಾನು ಹಸಿವಿಲ್ಲದಿದ್ದರೂ ತಿಂದೆ. ತಿನ್ನುತ್ತ ಯೋಚಿಸಿದೆ, ಇವಳನ್ನು ತಡೆದು ನಾನು ಮಾಡಿದ್ದು ಒಳ್ಳೆಯದೋ, ಅಥವಾ ನನ್ನ ಹಳೆಯ ಹೊರೆಯನ್ನು ಒಂದು ಹುಡುಗಿಯ ತಲೆಗೆ ಹೊರಿಸಿದೆನೋ ಎಂದು.

ಪುಸ್ತಕ ನೋಡುವ ದಿನ ಹೆಡ್‌ಮಾಸ್ತರ ಕೋಣೆಯ ಮುಂದೆ ಬೆಳಿಗ್ಗೆಯೇ ಸಾಲು. ಅಂಗಳವೆಲ್ಲ ಬ್ಲೀಚಿಂಗ್ ಪೌಡರಿನ ವಾಸನೆ. ತಾಯಂದಿರು ಬೇವಿನ ಮರದ ಕೆಳಗೆ ಕೂತಿದ್ದರು, ಅವರ ನಡುವೆ ಈರವ್ವನೂ ಇದ್ದಳು. ಒಳಗೆ ಮೇಜಿನ ಹಿಂದೆ ಹೆಡ್‌ಮಾಸ್ತರು ಕಟ್ಟಿಮನಿ ಸರ್. ಅವರ ಪಕ್ಕದಲ್ಲಿ ಶಾಲಾ ಸಮಿತಿಯ ಅಧ್ಯಕ್ಷರು, ಅವರು ಊರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು. ನಾನು ಹೆಸರು ಕರೆಯುವವಳು. ಕಟ್ಟಿಮನಿ ಸರ್ ಕೆಟ್ಟವರಲ್ಲ. ವಿಜ್ಞಾನ ಕಲಿಸುತ್ತಿದ್ದವರು, ಹೆಡ್‌ಮಾಸ್ತರಾದ ಮೇಲೆ ಕಾಗದಪತ್ರದಲ್ಲಿ ಮುಳುಗಿಹೋದವರು. ಅವರ ಕಣ್ಣಿನ ಕೆಳಗೆ ನನ್ನದಕ್ಕಿಂತ ಕಪ್ಪು. ಒಬ್ಬೊಬ್ಬರ ಪುಸ್ತಕವನ್ನೂ ಕಡ್ಡಿ ಆಡಿಸಿ ಎಣಿಸುತ್ತಿದ್ದರು. ತೊಂಬತ್ತು, ನಲವತ್ತು, ಆರು, ಸೊನ್ನೆ. ಸೊನ್ನೆ ಬಂದ ಕಡೆ ಅಧ್ಯಕ್ಷರು ಶಹಬ್ಬಾಸ್ ಅನ್ನುತ್ತಿದ್ದರು, ಸರ್ ಮಾತ್ರ ಕರ್ಚೀಫು ಕೆಳಗಿಡುತ್ತಿರಲಿಲ್ಲ.

ಹುಲಿಗೆವ್ವ ಬಂದು ಪುಸ್ತಕ ಇಟ್ಟಾಗ ಸರ್ ಕರ್ಚೀಫು ತೆಗೆದು ಒಮ್ಮೆ ಮೂಸಿದರು. ಅವಳ ಪುಸ್ತಕ ಜೋಳದ ಹಿಟ್ಟಿನ ವಾಸನೆ ಹೊಡೆಯುತ್ತಿತ್ತು. ಅವರು ಅವಳ ಮುಖ ನೋಡಿದರು, ಆಮೇಲೆ ಕರ್ಚೀಫನ್ನು ಜೇಬಿಗೆ ತುರುಕಿ ಎಣಿಸತೊಡಗಿದರು. ಬಹಳ ಹೊತ್ತು ಹಿಡಿಯಿತು. ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಎರಡು ಸಲ ಎಣಿಸಿದರು, ಎರಡನೆಯ ಸಲ ಇನ್ನೂ ನಿಧಾನ.

“ಆರನೂರಾ ಐವತ್ತೆರಡು,” ಎಂದು ಪಟ್ಟಿಯಲ್ಲಿ ಬರೆದರು. “ಭಾಳ ಮಾಡೀದಿ ತಂಗಿ. ಆದ್ರ ಮ್ಯಾಲಾತು. ಮುಂದಿನ ವರ್ಷ ನೋಡೂಣು.”

ನಾನು ಮುಂದಿನ ಹೆಸರು ಕರೆಯಬೇಕಿತ್ತು. ಹುಲಿಗೆವ್ವ ಪುಸ್ತಕ ಎತ್ತಿಕೊಳ್ಳಲಿಲ್ಲ. ಅಲ್ಲೇ ನಿಂತಳು, ಎರಡೂ ಕೈಗಳಿಂದ ಮೇಜಿನ ಅಂಚು ಹಿಡಿದಿದ್ದಳು.

“ಸರ್, ಒಂದು ಕೇಳ್ಲೇನ್ರಿ?”

ಆ ಕೋಣೆಯಲ್ಲಿ ಆ ಮಾತನ್ನು ಯಾರೂ ಆಡಿದ್ದಿಲ್ಲ. ಇಪ್ಪತ್ತೇಳು ವರ್ಷ ಹೆಸರು ಕರೆದಿದ್ದೇನೆ, ನಾನು ಕೇಳಿಲ್ಲ. ಪುಸ್ತಕ ನೋಡುವ ದಿನ ಉಳಿದದ್ದನ್ನು ಮುಚ್ಚಿಕೊಳ್ಳುವುದೇ ಎಲ್ಲರ ಕೆಲಸ, ಅದರ ಮೇಲೆ ಬೆರಳಿಟ್ಟು ತೋರಿಸುವವರು ಯಾರು? ಕಟ್ಟಿಮನಿ ಸರ್ ಕಡ್ಡಿ ಕೆಳಗಿಟ್ಟರು.

“ಕೇಳು.”

ಅವಳು ಪುಸ್ತಕವನ್ನು ತಿರುಗಿಸಿ ಅವರ ಕಡೆಗೆ ಹಿಡಿದಳು. “ಇದು ಮೂರ ಮಾತು ಕೂಡಿ ಬರ್ತಾವಲ್ರಿ, ಇದು ತಿಳಿವಲ್ದು. ಐವತ್ತೆಂಟ ಕಡೆ ಐತ್ರಿ, ನಾ ಎಣಿಸೇನಿ. ಇದೊಂದು ತಿಳಿದ್ರ ಐದನೂರರ ಒಳಗ ಬರ್ತಾವ್ರಿ. ಇದಕ್ಕ ಏನಂತಾರ ಹೇಳ್ರಿ ಸರ್.”

‘ಇನ್ ಟರ್ಮ್ಸ್ ಆಫ್’. ನಾನಿದ್ದಲ್ಲಿಂದಲೇ ಕಂಡಿತು. ಸರ್ ಕನ್ನಡಕ ಹಣೆಗೇರಿಸಿ ನನ್ನ ಕಡೆ ತಿರುಗಿದರು.

“ಹೂಗಾರ ಟೀಚರ್, ದಿನಾ ಸಂಜೀಕ ನಿಮ್ಮ ಕಡೆನ ಇರ್ತಿದ್ದಳಲ್ಲ. ಇಷ್ಟನ್ನ ಹೇಳಿಕೊಟ್ಟಿಲ್ಲೇನು?”

ಹೇಳಿಕೊಟ್ಟಿದ್ದೆ, ಅವಳಿಗೆ ಹತ್ತಲಿಲ್ಲ ಸರ್. ಈ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನಾವು ಟೀಚರುಗಳು ಇದನ್ನು ಎಷ್ಟು ಸಲ ಆಡಿದ್ದೇವೆಂದರೆ ಸುಳ್ಳು ಎಂದು ಅನಿಸುವುದೂ ಇಲ್ಲ. ಆಡಿದ್ದರೆ ಯಾರೂ ಎರಡನೆಯ ಸಲ ಯೋಚಿಸುತ್ತಿರಲಿಲ್ಲ, ಹುಡುಗಿ ಪುಸ್ತಕ ಎತ್ತಿಕೊಂಡು ಹೋಗುತ್ತಿದ್ದಳು, ಸಾಲು ಮುಂದೆ ಸರಿಯುತ್ತಿತ್ತು. ಹುಲಿಗೆವ್ವ ನನ್ನನ್ನು ನೋಡಲಿಲ್ಲ. ನೋಡಿದರೆ ನನಗೆ ಕಷ್ಟವಾಗುತ್ತದೆ ಎಂದು ನೋಡಲಿಲ್ಲವೇನೋ.

“ಇಲ್ಲ ಸರ್. ನನಗ ಗೊತ್ತಿಲ್ಲ,” ಎಂದೆ. “ಅದು ಬಂದಾಗೆಲ್ಲಾ ಹಾಳಿ ಹೊಳ್ಳಿಸೇನಿ.”

ಅಧ್ಯಕ್ಷರು ನಕ್ಕರು. “ಟೀಚರಿಗೆ ಗೊತ್ತಿಲ್ಲಂದ್ರ ಮುಗೀತ ಬಿಡ್ರಿ. ಅಂದ್ರ ಏನವ್ವಾ, ಅದರ ಬಗ್ಗೆ ಅಂತ ಅರ್ಥ. ಹೋಗು.”

ಹುಲಿಗೆವ್ವ ಪುಸ್ತಕ ನೋಡಿದಳು, ಎಲ್ಲರೂ ನೋಡಿದೆವು. ಮೂರು ಮಾತೂ ಇದ್ದಲ್ಲೇ ಇದ್ದವು. ಅಧ್ಯಕ್ಷರ ನಗು ಅರ್ಧಕ್ಕೆ ನಿಂತಿತು. ಕಟ್ಟಿಮನಿ ಸರ್ ಪುಸ್ತಕವನ್ನು ಹತ್ತಿರ ಎಳೆದುಕೊಂಡರು.

“ಅಂದ್ರ ನೋಡವ್ವಾ, ಅದರ ಪ್ರಕಾರ ಅನ್ನೂ ಹಂಗ,” ಎಂದರು. ಅಕ್ಷರ ಕದಲಲಿಲ್ಲ. “ಅಲ್ಲ, ಅದರ ರೂಪದಾಗ.” ಅದೂ ಇಲ್ಲ. ಹಾಳೆ ತಿರುವಿದರು, ಇನ್ನೊಂದು ಪ್ರಶ್ನೆ ಓದಿದರು, ಬಾಯಿಯಲ್ಲೇ ಗುನುಗಿದರು, ಬೋರ್ಡಿನ ಮೇಲೆ ಬರೆಯುವವರಂತೆ ಗಾಳಿಯಲ್ಲಿ ಬೆರಳು ಎತ್ತಿ ಅಲ್ಲೇ ನಿಲ್ಲಿಸಿದರು. ಮೂವತ್ತು ವರ್ಷ ಈ ಪುಸ್ತಕದ ಪ್ರಶ್ನೆಗಳನ್ನು ಗಟ್ಟಿಯಾಗಿ ಓದಿ ಮಕ್ಕಳಿಂದ ಉತ್ತರ ಬರೆಸಿದ ಮನುಷ್ಯ. ಬಾಗಿಲ ಹೊರಗೆ ಸಾಲಿನಲ್ಲಿದ್ದ ಮಕ್ಕಳು ಒಳಗೆ ಇಣುಕುತ್ತಿದ್ದರು. ಬೇವಿನ ಮರದ ಕೆಳಗಿದ್ದ ತಾಯಂದಿರು ಒಬ್ಬೊಬ್ಬರಾಗಿ ಎದ್ದು ಕಿಟಕಿಯ ಹತ್ತಿರ ಬಂದಿದ್ದರು. ಸರ್ ಬೆರಳು ಇಳಿಸಿದರು. ಅವರ ಮುಖ ಕೆಂಪಾಗುತ್ತದೆ, ಈಗ ಗದರಿಸುತ್ತಾರೆ ಎಂದುಕೊಂಡೆ. ಅವರು ಕುರ್ಚಿಗೆ ಒರಗಿ ಉಸಿರು ಬಿಟ್ಟರು.

“ನನಗೂ ಗೊತ್ತಿಲ್ಲವ್ವಾ,” ಎಂದರು.

ಅಧ್ಯಕ್ಷರು ಅವರ ತೋಳು ಮುಟ್ಟಿದರು. “ಸರ್, ಹೊರಗ ಮಂದಿ ಕೇಳ್ತಾರ. ರೂಲ್ ಏನೈತಿ ಅದನ್ನ ಮಾಡ್ರಿ. ಮ್ಯಾಲಾತು ಅಂದ್ರ ಮ್ಯಾಲಾತು.”

“ಕೇಳಲಿ ಬಿಡ್ರಿ. ರೂಲ್ ನಾನೂ ಓದೇನಿ. ನಾವು ಕಲಿಸಿದ್ದರಾಗ ಎಷ್ಟು ಉಳದೈತಿ ಅಂತ ಎಣಿಸೂದು. ಕಲಿಸಾಕ ಬರದನ್ನ ಈ ಹುಡುಗಿ ಹೆಸರಿಗೆ ಹೆಂಗ ಬರೀಲಿ?”

ಅವರು ಕಡ್ಡಿ ಹಿಡಿದು ಐವತ್ತೆಂಟು ಕಡೆಯನ್ನೂ ಮತ್ತೆ ಎಣಿಸಿದರು, ಹುಲಿಗೆವ್ವನ ಎಣಿಕೆ ಸರಿಯಾಗಿತ್ತು. ನೂರ ಎಪ್ಪತ್ತನಾಲ್ಕು ಕಳೆದು, ಆರುನೂರ ಐವತ್ತೆರಡನ್ನು ಹೊಡೆದುಹಾಕಿ, ಪಕ್ಕದಲ್ಲಿ ನಾಲ್ಕುನೂರ ಎಪ್ಪತ್ತೆಂಟು ಎಂದು ಬರೆದರು. ಯಾಕೆ ಹೊಡೆದುಹಾಕಿದ್ದು ಎಂಬ ಕಾರಣವನ್ನೂ ಕೆಳಗೆ ಕನ್ನಡದಲ್ಲಿ ಬರೆದು ಸಹಿ ಮಾಡಿದರು. ಅಧ್ಯಕ್ಷರು ಸಹಿ ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ ಅಂಗಡಿಯಲ್ಲಿ ಕೆಲಸ ಇದೆ ಎಂದು ಎದ್ದು ಹೋದರು. ಅವರು ಊರಿನಲ್ಲಿ ಏನೇನು ಹೇಳುತ್ತಾರೆ ಎಂಬುದು ನನಗೂ ಗೊತ್ತಿತ್ತು, ಸರ್‌ಗೂ ಗೊತ್ತಿತ್ತು. ಆದರೆ ಆ ಹೊತ್ತಿಗೆ ಇಬ್ಬರಿಗೂ ಅದಕ್ಕೆ ಹೆದರುವಷ್ಟು ಶಕ್ತಿ ಉಳಿದಿರಲಿಲ್ಲ.

ನಾನು ಮುಂದಿನ ಹೆಸರು ಕರೆದೆ. ಸೊನ್ನೆಯ ಪುಸ್ತಕ ಹಿಡಿದು ಬಂದ ಹುಡುಗ ಅದನ್ನು ಮೇಜಿನ ಮೇಲೆ ಇಡಲೋ ಬೇಡವೋ ಎಂದು ನಿಂತೇ ಇದ್ದ. ಸರ್ ಅವನಿಗೆ ಕುರ್ಚಿ ತೋರಿಸಿದರು. ಇನ್ನೂ ಅರವತ್ತು ಮಕ್ಕಳಿದ್ದರು, ಮಧ್ಯಾಹ್ನದ ಊಟ ತಪ್ಪಿತು, ಸಾಲು ಮುಗಿಯುವಾಗ ಐದು ಹೊಡೆದಿತ್ತು.

ನಾನು ಚೀಲ ಹೆಗಲಿಗೇರಿಸಿ ಗೇಟಿನ ಹತ್ತಿರ ಬಂದಾಗ ಹುಲಿಗೆವ್ವ ಅಲ್ಲೇ ಕಾಯುತ್ತಿದ್ದಳು. ಈರವ್ವ ಸಂಜೆಯ ರೊಟ್ಟಿಗೆ ಹೊತ್ತಾಯಿತೆಂದು ಮೊದಲೇ ಹೋಗಿದ್ದಳು. ಹುಡುಗಿಯ ಕಣ್ಣುಗಳು ಅತ್ತು ಕೆಂಪಾಗಿದ್ದವು, ಪುಸ್ತಕವನ್ನು ಎದೆಗೆ ಒತ್ತಿ ಹಿಡಿದಿದ್ದಳು.

“ಅಕ್ಕೋರ, ಸೋಮವಾರ ಕ್ಲಾಸ್ ಐತೇನ್ರಿ?”

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮೈ ಸೋತಿತ್ತು, ಹಾಸಿಗೆ ಕಂಡರೆ ಸಾಕು ಎನ್ನುವಂತಿತ್ತು. “ಪರೀಕ್ಷಾಕ್ಕ ನಿನ್ನ ಹೆಸರು ಹೋತಲ್ಲ ತಂಗಿ, ಇನ್ನ್ಯಾಕ?”

“ಆ ಮೂರು ಉಳದಾವಲ್ರಿ.”

“ನನಗ ಗೊತ್ತಿಲ್ಲ ಅಂತ ಮೊದಲ ನಿನಗ ಹೇಳಬೇಕಿತ್ತು. ಈಗ ಹೇಳಿದೆ. ಬಂದರೂ ನಾ ಏನ್ ಕಲಸ್ಲಿ?”

“ಹೂಂ ರೀ, ಗೊತ್ತಾತು,” ಎಂದಳು ಅವಳು. “ಅದಕ್ಕ ಬರ್ತೀನ್ರಿ. ಇಬ್ಬರೂ ಕೂಡಿ ನೋಡೂಣು.”